ಪೂಜೆಗೆ ಕೂತ ಸರ್ವರ್

ನಿವೃತ್ತಳಾದ ಮೇಲೆ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಕಂಪ್ಯೂಟರ್ ರೂಮಿನ್ಯಾಗ ಇಷ್ಟು ವರ್ಷ ಏನ್ ಮಾಡಿದ್ರಿ ಬಾಯಾರ?" ಹೇಳಲು ಹೋದರೆ ಅವರಿಗೆ ಬೇಸರ, ಹೇಳದಿದ್ದರೆ ನಾನು ಏನೂ ಮಾಡಿಲ್ಲವೆಂಬ ಗುಮಾನಿ. ನನ್ನ ತಂಗಿಯಂತೂ ಇವತ್ತಿಗೂ ನಾನು ತಣ್ಣಗಿನ ಕೋಣೆಯಲ್ಲಿ ಕೂತು ಬೇರೆಯವರ ಪತ್ರ ಟೈಪ್ ಮಾಡಿಕೊಡುತ್ತಿದ್ದೆ ಎಂದೇ ತಿಳಿದಿದ್ದಾಳೆ. ತಿದ್ದುವ ಹುರುಪು ನನಗಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾದರೂ ಅದು ನಿಜಕ್ಕೂ ಹೇಗಿರುತ್ತದೆಂದು ತಿಳಿಯಲಿ ಎಂದು ಇಷ್ಟನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅಂಥದ್ದನ್ನು ಓದಿ ಉದ್ಧಾರವಾದವರನ್ನು ನಾನು ಕಂಡಿಲ್ಲ.

ನನ್ನ ಹುದ್ದೆಯ ಹೆಸರು ಸಿಸ್ಟಂ ಅಡ್ಮಿನಿಸ್ಟ್ರೇಟರ್. ಹೆಸರು ಉದ್ದ, ಕೆಲಸ ಎರಡೇ. ಸಾಫ್ಟ್‌ವೇರುಗಳು ಎಲ್ಲೆಲ್ಲೋ ಇಟ್ಟುಬಿಟ್ಟದ್ದನ್ನು ಹುಡುಕಿ ತರುವುದು ಒಂದು. ಯಾರು ಯಾವುದನ್ನು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ಗೊತ್ತುಮಾಡುವುದು ಇನ್ನೊಂದು. ನಾನು ದುಡಿದದ್ದೆಲ್ಲ ಲಿನಕ್ಸ್ ಯಂತ್ರಗಳ ಮೇಲೆ. ಅಲ್ಲಿ ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಒಬ್ಬ ಮಾಲೀಕ ಇರುತ್ತಾನೆ. ಮಾಲೀಕ ಏನು ಮಾಡಬಹುದು, ಅವನ ಗುಂಪಿನವರು ಏನು ಮಾಡಬಹುದು, ಉಳಿದವರು ಏನು ಮಾಡಬಹುದು ಎಂದು ಬೇರೆಬೇರೆಯಾಗಿ ಬರೆದಿರುತ್ತದೆ. ಇವರೆಲ್ಲರ ಮೇಲೆ ರೂಟ್ ಎಂಬ ದೊಡ್ಡ ಯಜಮಾನ. ಅವನನ್ನು ತಡೆಯುವವರಿಲ್ಲ, ಅವನು ಮಾಡಿಟ್ಟದ್ದನ್ನು ಅವನ ಅಪ್ಪಣೆಯಿಲ್ಲದೆ ಉಳಿದವರು ಅಲುಗಾಡಿಸುವಂತಿಲ್ಲ. ಇಷ್ಟು ಗೊತ್ತಾದರೆ ನನ್ನ ಕೆಲಸದ ಅರ್ಧ ಗೊತ್ತಾದಂತೆ.

ಹೊಸ ಸಾಫ್ಟ್‌ವೇರು ಎಂದರೆ ಹಬ್ಬಕ್ಕೆ ಬಂದು ನಮ್ಮ ಅಡುಗೆಮನೆ ಹೊಕ್ಕ ನೆಂಟರು ಎಂದು ತಿಳಿಯಿರಿ. ಕೆಲಸವನ್ನೇನೋ ಮಾಡುತ್ತಾರೆ, ಇಲ್ಲವೆನ್ನಲಾಗದು. ಅವರು ಹೋದ ಮೇಲೆ ಸೌಟು ಎಲ್ಲಿದೆ, ಜಾಲರಿ ಎಲ್ಲಿದೆ ಎಂದು ವಾರಗಟ್ಟಲೆ ಹುಡುಕಬೇಕು.

ನನ್ನ ಮೊದಲ ನೌಕರಿ ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಯಲ್ಲಿ. ಡ್ರಾಯಿಂಗುಗಳನ್ನೆಲ್ಲ ಒಂದೇ ಲಿನಕ್ಸ್ ಯಂತ್ರದಲ್ಲಿ ಇಟ್ಟಿದ್ದರು. ಡ್ರಾಯಿಂಗ್ ತೆಗೆಯುವ ಸಾಫ್ಟ್‌ವೇರಿಗೆ ಒಂದು ಚಟವಿತ್ತು. ಅದನ್ನು ಯಾವ ಫೋಲ್ಡರಿನಲ್ಲಿ ನಿಂತು ತೆರೆದರೂ ಅಲ್ಲೊಂದು 'ಬ್ಯಾಕಪ್' ಎಂಬ ಫೋಲ್ಡರು ಹುಟ್ಟಿಸುತ್ತಿತ್ತು. ಬ್ಯಾಕಪ್ಪಿನ ಒಳಗೆ ನಿಂತು ತೆರೆದರೆ ಬ್ಯಾಕಪ್ಪಿನೊಳಗೊಂದು ಬ್ಯಾಕಪ್. ಯಾವುದು ಹೊಸ ಡ್ರಾಯಿಂಗು, ಯಾವುದು ಹಳೆಯದು ತಿಳಿಯದೆ ಒಮ್ಮೆ ಒಂದು ಇಡೀ ಲಾಟು ಹಳೆ ಅಳತೆಯಲ್ಲಿ ಎರಕವಾಗಿ ಬಂತು. ಕಾರ್ಖಾನೆಯವರು ಎರಕದವರನ್ನು ಬೈದರು, ಎರಕದವರು ಡ್ರಾಯಿಂಗಿನವರನ್ನು ಬೈದರು. ಸಾಫ್ಟ್‌ವೇರನ್ನು ಯಾರೂ ಬೈಯಲಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲವಲ್ಲ.

ಅಲ್ಲಿಯ ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಅವರ ಹತ್ತಿರ ಇದ್ದದ್ದು ಒಂದೇ ಔಷಧ. ಯಾರಿಗಾದರೂ ಫೈಲು ತೆರೆಯದಿದ್ದರೆ "ಮೂರು ಏಳು ಹೊಡೀರಿ" ಎನ್ನುತ್ತಿದ್ದರು. ಏಳು ಏಳು ಏಳು ಎಂದರೆ ಎಲ್ಲರಿಗೂ ಎಲ್ಲ ಅನುಮತಿ. ಓದು, ತಿದ್ದು, ಅಳಿಸು, ನಿನ್ನ ಖುಷಿ. ಒಂದು ದಿನ ನಾನು ಊಟಕ್ಕೆ ಹೋದಾಗ ಸಿಟ್ಟಿಗೆದ್ದು ಇಡೀ ಯಂತ್ರದ ಎಲ್ಲರ ಫೋಲ್ಡರುಗಳಿಗೂ ತಾವೇ ಮೂರು ಏಳು ಹೊಡೆದುಬಿಟ್ಟರು. ಬಂದು ನೋಡಿದರೆ ಒಬ್ಬರಿಗೂ ತಮ್ಮ ಮೇಜಿನಿಂದ ಯಂತ್ರದೊಳಗೆ ಲಾಗಿನ್ ಆಗಲು ಬರುತ್ತಿಲ್ಲ. ಮ್ಯಾನೇಜರು ಹಣೆ ಒರೆಸಿಕೊಳ್ಳುತ್ತ ಕೂತಿದ್ದರು.

"ಎಲ್ಲಾ ಬಾಗಲಾ ತಗದೇನ್ರಿ, ಆದ್ರೂ ಒಬ್ಬರನ್ನೂ ಒಳಗ ಬಿಡವಲ್ದು" ಎಂದರು.

"ಎಲ್ಲಾ ತಗದಿದ್ದಕ್ಕ ಬಿಡವಲ್ದು ಸರ್" ಎಂದೆ.

ಅವರು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ಮುಖ ಬಿಗಿದುಕೊಂಡರು. ನಿಜ ಅದೇ ಆಗಿತ್ತು. ದೂರದಿಂದ ಲಾಗಿನ್ ಆಗುವವರ ಫೋಲ್ಡರಿನಲ್ಲಿ ಒಂದು ಕೀಲಿಯ ಫೈಲು ಇರುತ್ತದೆ. ಆ ಫೈಲನ್ನು ಯಾರು ಬೇಕಾದರೂ ತಿದ್ದುವಂತಿದ್ದರೆ ಯಂತ್ರ ಅದನ್ನು ನಂಬುವುದನ್ನೇ ಬಿಡುತ್ತದೆ. ಎಲ್ಲರ ಅನುಮತಿಯನ್ನೂ ಒಂದೊಂದಾಗಿ ಮೊದಲಿನಂತೆ ಮಾಡುವಷ್ಟರಲ್ಲಿ ನನ್ನ ಆ ತಿಂಗಳು ಮುಗಿಯಿತು. ಮ್ಯಾನೇಜರು ಮಾತ್ರ ನನ್ನ ಬೀಳ್ಕೊಡುಗೆಯ ದಿನವೂ ಭಾಷಣದಲ್ಲಿ, ಹೊಸಮನಿ ಬಾಯಾರ ಎಲ್ಲ ಬಲ್ಲವರು, ಆದರೆ ಸ್ವಲ್ಪ ಬಿಗಿ ಎಂದರು. ಅದು ಹೊಗಳಿಕೆಯೋ ಅಲ್ಲವೋ ನಾನು ವಿಚಾರಿಸಲಿಲ್ಲ.

ನಡುವೆ ಈ ಕೆಲಸದ ರೀತಿಯೇ ಬದಲಾಯಿತು. ಮೊದಮೊದಲು ಸಾಫ್ಟ್‌ವೇರು ಸೀಡಿಯಲ್ಲಿ ಬರುತ್ತಿತ್ತು, ಜೊತೆಗೊಂದು ಪುಸ್ತಕ. ಯಾವುದನ್ನು ಎಲ್ಲಿ ಇಡುತ್ತದೆ ಎಂದು ಪುಸ್ತಕದಲ್ಲಿ ಇರುತ್ತಿತ್ತು. ನಾವು ಓದಿ, ಜಾಗ ಮಾಡಿಕೊಟ್ಟು, ಆಮೇಲೆ ಒಳಗೆ ಬಿಡುತ್ತಿದ್ದೆವು. ಆಮೇಲಾಮೇಲೆ ಓದುವವರು ಹೋದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಸಾಲನ್ನು ಎತ್ತಿ ತಂದು, ದೊಡ್ಡ ಯಜಮಾನನ ಅಧಿಕಾರದಲ್ಲಿ ಅಂಟಿಸಿ, ಎಂಟರ್ ಒತ್ತಿ, ಚಹಾಕ್ಕೆ ಹೋಗುವ ಪದ್ಧತಿ ಬಂತು. ಚಹಾ ಮುಗಿಸಿ ಬರುವಷ್ಟರಲ್ಲಿ ಸಾಫ್ಟ್‌ವೇರು ಕೂತಿರುತ್ತದೆ ಎನ್ನುವುದು ನಿಜ. ಎಲ್ಲಿ ಕೂತಿದೆ, ಯಾರ ಹೆಸರಿನಲ್ಲಿ ಕೂತಿದೆ ಎಂದು ಕೇಳುವವರಿರಲಿಲ್ಲ. ಕೇಳಿದರೆ ನಾನು ಹಳೇ ಕಾಲದವಳಾಗುತ್ತಿದ್ದೆ.

ನನ್ನ ಉಳಿದ ಸರ್ವೀಸು ಧಾರವಾಡದ ಒಂದು ಸಂಸ್ಥೆಯಲ್ಲಿ ಕಳೆಯಿತು. ಹೆಸರು ಬೇಡ. ಅಲ್ಲಿ ಬೆಳೆಗಳ ಮೇಲೆ ಸಂಶೋಧನೆ ನಡೆಯುತ್ತಿತ್ತು ಎಂದರೆ ಸಾಕು. ದಿನಾ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಕೋಣೆಯ ನಡುವೆ ಒಂದು ದೊಡ್ಡ ಸರ್ವರ್, ಅಂದರೆ ಎಲ್ಲ ಸಂಶೋಧಕರೂ ತಮ್ಮ ಲೆಕ್ಕಗಳನ್ನು ಕೊಟ್ಟು ಮಾಡಿಸಿಕೊಳ್ಳುವ ಯಂತ್ರ. ಹಳೆಯದು, ನಿಧಾನ, ಆದರೆ ಹಗಲೂ ರಾತ್ರಿ ಓಡುತ್ತಿತ್ತು. ವರ್ಷದಲ್ಲಿ ಅದನ್ನು ನಿಲ್ಲಿಸುತ್ತಿದ್ದುದು ಒಂದೇ ಸಲ, ಖಂಡೇಪೂಜೆಗೆ.

"ವರ್ಷಾನಗಟ್ಲೆ ದುಡಿತೈತಿ. ಒಂದ್ ದಿನಾ ಸುಮ್ಮ ಕುಂದ್ರಲಿ" ಎನ್ನುತ್ತಿದ್ದರು ಪಾಟೀಲ ಸರ್. ನಮ್ಮ ಕಡೆ ಮಹಾನವಮಿಯ ದಿನ ಕುಡಗೋಲು, ಕತ್ತರಿ, ಗಾಡಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಪೂಜೆಗಿಡುತ್ತಾರೆ, ಅವತ್ತು ಮುಟ್ಟಿ ಕೆಲಸ ಮಾಡುವುದಿಲ್ಲ. ಸರ್ವರಿಗೆ ಅದೇ ಮರ್ಯಾದೆ. ನಾನೂ ಬೇಡ ಅಂದವಳಲ್ಲ. ವರ್ಷಕ್ಕೊಮ್ಮೆ ನಿಲ್ಲಿಸಿ ಧೂಳು ಹೊಡೆಯುವುದು ಯಂತ್ರಕ್ಕೂ ಒಳ್ಳೆಯದೇ. ನನ್ನ ತಕರಾರು ಕುಂಕುಮದ ಬಗ್ಗೆ ಮಾತ್ರ. ಪೂಜೆ ಮಾಡುತ್ತಿದ್ದವನು ನಮ್ಮ ಕಚೇರಿಯ ಸಿಪಾಯಿ ಫಕ್ಕೀರಪ್ಪ. ಅವನು ಧಾರಾಳಿ, ಕುಂಕುಮ ಹಚ್ಚುವ ಬದಲು ಎರಚುತ್ತಿದ್ದ. ಅದು ಫ್ಯಾನಿನೊಳಗೆ ಹೋಗಿ ಮುಂದೆ ಸಂಕ್ರಾಂತಿಯ ತನಕ ಯಂತ್ರ ಕೆಂಪು ಧೂಳು ಉಗುಳುತ್ತಿತ್ತು. ಕಡೆಗೆ ವಿಭೂತಿ ಎಷ್ಟಾದರೂ ಹಚ್ಚು, ಕುಂಕುಮ ಒಂದೇ ಬೊಟ್ಟು, ಅದೂ ಮುಂದಿನ ಬಾಗಿಲಿಗೆ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಮರುದಿನ ವಿಜಯದಶಮಿಯ ಮುಂಜಾನೆ ಪಾಟೀಲ ಸರ್ ಬಂದು ಕಾಯಿ ಒಡೆದು, ತಮ್ಮ ಕೈಯಿಂದಲೇ ಯಂತ್ರದ ಗುಂಡಿ ಒತ್ತಿ ಚಾಲೂ ಮಾಡುವುದು ಪದ್ಧತಿ. ರಜೆಯಿದ್ದರೂ ಬರುತ್ತಿದ್ದರು.

ಸುಜಾತಾ ದೊಡಮನಿ ಎಂಬ ಹುಡುಗಿ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಗರಗದವಳು, ತಾಯಿ ಅಲ್ಲಿಯೇ ಖಾದಿ ನೂಲು ತೆಗೆಯುತ್ತಿದ್ದಳು. ಮನೆಯವರು ಬೌದ್ಧರು. ಪೂಜೆ ನಡೆಯುವಾಗ ಸುಜಾತಾ ಹೊರಗೆ ಪಡಸಾಲೆಯಲ್ಲಿ ನಿಂತಿರುತ್ತಿದ್ದಳು. ಪ್ರಸಾದ ಹಂಚುವಾಗ ಫಕ್ಕೀರಪ್ಪ ಅವಳಿಗೆ ಕೊಬ್ಬರಿ, ಬಾಳೆಹಣ್ಣು ಕೊಡುತ್ತಿದ್ದ, ಕುಂಕುಮದ ಬಟ್ಟಲು ಚಾಚುತ್ತಿರಲಿಲ್ಲ. ಇದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅವಳ ವಿಷಯ ಹಿಂಗಾರಿ ಜೋಳ. ಸುಳಿನೊಣ ಬಿದ್ದರೂ ತಾಳಿಕೊಳ್ಳುವ ತಳಿಗಳು ಯಾವುವು, ಯಾಕೆ ತಾಳಿಕೊಳ್ಳುತ್ತವೆ ಎಂದು ಕಂಡುಹಿಡಿಯುವುದು. ಹೊಲದಲ್ಲಿ ನಿಂತು ಸುಳಿ ಬಿಡಿಸಿ ನೋಡಿ ಬರೆದುಕೊಂಡದ್ದನ್ನೆಲ್ಲ ಸರ್ವರಿಗೆ ಕೊಟ್ಟರೆ ಅದು ವಾರಗಟ್ಟಲೆ ಲೆಕ್ಕ ಹಾಕಿ ಉತ್ತರ ಕೊಡಬೇಕು. ಒಂದು ವರ್ಷ ಅಕಾಲ ಮಳೆಗೆ ಪ್ರಯೋಗದ ಹೊಲ ಕೊಚ್ಚಿಹೋಯಿತು, ಇನ್ನೊಂದು ವರ್ಷ ಅವಳ ತಂದೆ ಹಾಸಿಗೆ ಹಿಡಿದು ತೀರಿಕೊಂಡರು. ವಿಶ್ವವಿದ್ಯಾಲಯದವರು ಎರಡು ಸಲ ಅವಧಿ ವಿಸ್ತರಿಸಿದ್ದರು. ಈ ಸಲ ದೀಪಾವಳಿಯ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದೆಂದು ಕಡ್ಡಿ ಮುರಿದಂತೆ ಹೇಳಿದ್ದರು. ನಾಗರಪಂಚಮಿ ಮುಗಿದ ಕೂಡಲೇ ಅವಳು ಲೆಕ್ಕ ಹಚ್ಚಿದಳು. ಶ್ರಾವಣ ಹೋಯಿತು, ಗಣಪತಿ ಹೋದ, ಸರ್ವರ್ ಲೆಕ್ಕ ಹಾಕುತ್ತಲೇ ಇತ್ತು. ದಿನಕ್ಕೊಮ್ಮೆ ಬಂದು ಪರದೆ ನೋಡಿ ಹೋಗುತ್ತಿದ್ದಳು. ನವರಾತ್ರಿ ಕೂತ ಮೇಲೆ ಮುಗಿಯಿತು. 'ಪೂರ್ಣಗೊಂಡಿದೆ' ಎಂದು ಪರದೆಯ ಮೇಲೆ ಬಂದದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ತಾಯಿಗೆ ಕಳಿಸಿದಳು. ತಾಯಿಗೆ ಓದಲು ಬರುತ್ತಿರಲಿಲ್ಲ, ಆದರೂ ಆ ಫೋಟೊ ನೂಲುವವರೆಲ್ಲರ ಕೈಯಲ್ಲಿ ತಿರುಗಾಡಿತಂತೆ.

ಮಹಾನವಮಿಯ ಹಿಂದಿನ ದಿನ ಮಧ್ಯಾಹ್ನ ಪಾಟೀಲ ಸರ್ ಯಂತ್ರ ನಿಲ್ಲಿಸಲು ಹೇಳಿದರು. ಫಕ್ಕೀರಪ್ಪ ಬಕೆಟ್ಟು, ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಗಡಿಬಿಡಿಗೆ ಸುಜಾತಾ ತನ್ನ 'ಫಲಿತಾಂಶ' ಎಂಬ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದುಕೊಂಡು ಹೊರಟುಹೋದಳು. ನಾನು ಯಂತ್ರವನ್ನು ಕ್ರಮವಾಗಿ ಮುಚ್ಚಿದೆ. ಫಕ್ಕೀರಪ್ಪ ಒರೆಸಿ, ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ, ಮುಂದೆ ಲಿಂಬೆಹಣ್ಣು ಇಟ್ಟ. ಆ ವರ್ಷ ಕುಂಕುಮ ನಿಜವಾಗಿಯೂ ಒಂದೇ ಬೊಟ್ಟಿತ್ತು.

ಮಹಾನವಮಿಯ ಸಂಜೆ ಹುಬ್ಬಳ್ಳಿಯ ಮನೆಯಲ್ಲಿ ನಾನು ಹೋಳಿಗೆಯ ಕಣಕ ನಾದುತ್ತಿದ್ದೆ. ಸುಜಾತಾಳ ಫೋನು ಬಂತು.

"ಮೇಡಂ, ಫೋಲ್ಡರ್ ಖಾಲಿ ಐತ್ರಿ."

"ಯಾವ ಫೋಲ್ಡರ್?"

"ಫಲಿತಾಂಶದ್ದು. ಪೆನ್‌ಡ್ರೈವ್ ಈಗ ತಗದು ನೋಡಿದ್ನಿ. ಒಳಗ ಒಂದು ಫೈಲೂ ಇಲ್ರಿ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಬರುತ್ತಿತ್ತು. ಹಿಂದೆ ಅವಳ ತಾಯಿ, ಏನಂತವಾ, ಏನಂತ ಎಂದು ಕೇಳುತ್ತಿದ್ದುದು ಕೇಳಿಸಿತು. ನಾನು ಕೈ ತೊಳೆದುಕೊಂಡು ಬಂದು, "ತಾಯಿಗೆ ಕಳಿಸಿದ ಫೋಟೊ ನನಗೂ ಕಳಿಸವಾ" ಎಂದೆ.

ಫೋಟೊದಲ್ಲಿ 'ಪೂರ್ಣಗೊಂಡಿದೆ' ಎಂಬುದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಫೈಲುಗಳನ್ನು ಎಲ್ಲಿ ಇಟ್ಟಿದ್ದೇನೆಂದು ಸಾಫ್ಟ್‌ವೇರು ಹೇಳುವ ಸಾಲು. ಅದನ್ನು ಯಾರೂ ಓದುವುದಿಲ್ಲ. ಅದರಲ್ಲಿ ಫಲಿತಾಂಶದ ಫೋಲ್ಡರಿನ ಹೆಸರಿರಲಿಲ್ಲ, ತಾತ್ಕಾಲಿಕ ಫೋಲ್ಡರಿನ ಹೆಸರಿತ್ತು.

ಆದದ್ದೇನೆಂದು ಅಲ್ಲೇ ಹೊಳೆಯಿತು. ಆಷಾಢದಲ್ಲಿ ನಾನು ರಜೆಯಲ್ಲಿದ್ದಾಗ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಲು ಕಂಪನಿಯ ಒಬ್ಬ ಮನುಷ್ಯ ಬಂದಿದ್ದ. ಎಲ್ಲರಂತೆ ಅವನೂ ದೊಡ್ಡ ಯಜಮಾನನ ಅಧಿಕಾರದಲ್ಲಿ ಹಾಕಿ, ಒಮ್ಮೆ ಓಡಿಸಿ ನೋಡಿ ಹೋಗಿದ್ದ. ಓಡಿಸಿದಾಗ ಸಾಫ್ಟ್‌ವೇರು ಪ್ರತಿಯೊಬ್ಬ ಸಂಶೋಧಕರಿಗೂ ಒಂದೊಂದು ಫಲಿತಾಂಶದ ಫೋಲ್ಡರನ್ನು ತಾನೇ ಹುಟ್ಟಿಸಿತು, ಅವುಗಳ ಮಾಲೀಕ ರೂಟ್ ಆದ. ಆಮೇಲೆ ಸುಜಾತಾ ತನ್ನ ಹೆಸರಿನಲ್ಲಿ ಲೆಕ್ಕ ಹಚ್ಚಿದಾಗ ಆ ಫೋಲ್ಡರಿನಲ್ಲಿ ಬರೆಯಲು ಅವಳಿಗೆ ಅನುಮತಿ ಇರಲಿಲ್ಲ. ನೆಟ್ಟಗಿನ ಸಾಫ್ಟ್‌ವೇರಾದರೆ ಅಲ್ಲೇ ನಿಂತು, ನನಗೆ ಬರೆಯಲು ಬಿಡುತ್ತಿಲ್ಲ ಎಂದು ಹೇಳಬೇಕು. ಇದು ಹೇಳಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ತಾತ್ಕಾಲಿಕ ಫೋಲ್ಡರಿಗೆ ಹೋಗಿ, ಅಷ್ಟೂ ವಾರದ ಉತ್ತರಗಳನ್ನು ಅಲ್ಲಿ ಸುರಿದು, ಪೂರ್ಣಗೊಂಡಿದೆ ಎಂದು ಬರೆದು ಕೈ ತೊಳೆದುಕೊಂಡಿತ್ತು.

ತಾತ್ಕಾಲಿಕ ಫೋಲ್ಡರು ಹೆಸರೇ ಹೇಳುವಂತೆ ತಾತ್ಕಾಲಿಕ. ನಮ್ಮ ಆ ಹಳೆಯ ಸರ್ವರ್ ಪ್ರತಿ ಸಲ ಚಾಲೂ ಆಗುವಾಗ ಮೊದಲು ಮಾಡುತ್ತಿದ್ದ ಕೆಲಸವೇ ಆ ಫೋಲ್ಡರನ್ನು ಒರೆಸಿ ಖಾಲಿ ಮಾಡುವುದು. ವರ್ಷಕ್ಕೊಮ್ಮೆ ಮಾತ್ರ ಅದು ಹೊಸದಾಗಿ ಚಾಲೂ ಆಗುತ್ತಿತ್ತು. ಆ ದಿನ ನಾಳೆಯೇ ಇತ್ತು. ಯಂತ್ರ ಆಫ್ ಇರುವ ತನಕ ಸುಜಾತಾಳ ಫೈಲುಗಳು ಡಿಸ್ಕಿನ ಮೇಲೆ ಸುರಕ್ಷಿತ, ಪಾಟೀಲ ಸರ್ ಕಾಯಿ ಒಡೆದು ಗುಂಡಿ ಒತ್ತಿದರೆ ಮುಗಿಯಿತು. ಮತ್ತೆ ಮೊದಲಿನಿಂದ ಲೆಕ್ಕ ಹಚ್ಚಿದರೆ ದೀಪಾವಳಿ ದಾಟಿ ಕಾರ್ತೀಕವೂ ಮುಗಿಯುತ್ತಿತ್ತು.

ಪಾಟೀಲ ಸರ್‌ಗೆ ಫೋನ್ ಮಾಡಿದೆ. ಅವರು ಬೀಗರ ಮನೆಯಲ್ಲಿದ್ದರು, ಹಿಂದೆ ಮಕ್ಕಳ ಗದ್ದಲ.

"ನಾಳೆ ಮುಂಜಾನೆ ಬಂದು ಚಾಲೂ ಮಾಡ್ತೇನಿ. ಆಮ್ಯಾಲ ಆರಾಮ ಹುಡುಕ್ರಿ" ಎಂದರು.

"ಚಾಲೂ ಮಾಡಿದ್ರ ಹುಡುಕಾಕ ಏನೂ ಉಳಿಯೂದಿಲ್ರಿ ಸರ್."

"ಹಾಂ? ಹಾಂ, ಆತು ಆತು" ಎಂದರು. ಅವರಿಗೆ ಕೇಳಿಸಿತೋ ಇಲ್ಲವೋ, ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಫಕ್ಕೀರಪ್ಪನಿಗಾದರೂ ಹೇಳೋಣವೆಂದರೆ ಅವನ ಫೋನು ಬಂದ್. ಆಮೇಲೆ ಗೊತ್ತಾಯಿತು, ಅವನು ಮೊಬೈಲನ್ನೂ ಕುಡಗೋಲಿನ ಜೊತೆ ಪೂಜೆಗೆ ಇಟ್ಟಿದ್ದ.

ಸುಜಾತಾಳಿಗೆ, ಮುಂಜಾನೆ ಮೊದಲ ಬಸ್ಸಿಗೆ ಧಾರವಾಡಕ್ಕೆ ಬಂದು ಯಂತ್ರದ ಹತ್ತಿರ ಕೂತುಬಿಡು, ಯಾರಿಗೂ ಗುಂಡಿ ಒತ್ತಗೊಡಬೇಡ, ನಿನ್ನ ಲ್ಯಾಪ್‌ಟಾಪ್ ತಾ ಎಂದೆ. ಅವಳು, "ನಾಳೆ ನಮ್ಮದು ದೊಡ್ಡ ದಿನಾ ಮೇಡಂ. ಎಲ್ಲಾರೂ ವಿಹಾರಕ್ಕ ಹೊಕ್ಕೇವ್ರಿ" ಎಂದಳು. ವಿಜಯದಶಮಿ ಅವರಿಗೆ ಧಮ್ಮ ಸ್ವೀಕಾರದ, ಅಂದರೆ ಬೌದ್ಧ ಧರ್ಮಕ್ಕೆ ಬಂದದ್ದನ್ನು ನೆನೆಯುವ ದಿನವೆಂಬುದು ನನಗೆ ತಿಳಿದಿತ್ತು, ಆ ಹೊತ್ತಿಗೆ ನೆನಪಾಗಿರಲಿಲ್ಲ. ನಾನು ಮಾತಾಡುವ ಮೊದಲೇ ಅವಳು, "ಬರ್ತೇನ್ರಿ" ಎಂದಳು.

ನಾನು ಒಂದು ಪೆನ್‌ಡ್ರೈವಿನಲ್ಲಿ ಪುಟ್ಟ ಲಿನಕ್ಸ್ ಹಾಕಿಕೊಂಡೆ. ಅದರಿಂದ ಯಂತ್ರವನ್ನು ಎಬ್ಬಿಸಿದರೆ ಒಳಗಿನ ಡಿಸ್ಕಿನ ವ್ಯವಸ್ಥೆ ಏಳುವುದೇ ಇಲ್ಲ, ಆದ್ದರಿಂದ ಏನನ್ನೂ ಒರೆಸುವುದಿಲ್ಲ. ನಾವು ಹೊರಗಿನಿಂದ ಇಣುಕಿ ಬೇಕಾದದ್ದನ್ನು ನಕಲು ಮಾಡಿಕೊಳ್ಳಬಹುದು. ಮುಂಜಾನೆ ಬಸ್ಸು ಹತ್ತಿದರೆ ಅದಕ್ಕೂ ಬಾಳೆಕಂದು, ಮಾಲೆ. ಡ್ರೈವರ್ ಮಾಲೆ ಉದುರಬಾರದೆಂದು ಮೆಲ್ಲಗೆ ಓಡಿಸುತ್ತಿದ್ದ. ಉಣಕಲ್ ಕೆರೆ ದಾಟಿದ್ದು, ನವಲೂರು ಬಂದದ್ದು ನನಗೆ ಯಾವತ್ತೂ ಅಷ್ಟು ನಿಧಾನ ಅನಿಸಿದ್ದಿಲ್ಲ. ನಾನು ಸುಲಭಕ್ಕೆ ಗಾಬರಿಯಾಗುವ ಹೆಂಗಸಲ್ಲ. ಅವತ್ತು ಆಗಿದ್ದೆ.

ಕೋಣೆಗೆ ಹೋದಾಗ ಕಂಡದ್ದು ಇದು. ಸರ್ವರಿನ ಎದುರಿಗೆ, ಮಾಲೆಗೂ ಲಿಂಬೆಹಣ್ಣಿಗೂ ತಾಗದಂತೆ ಕುರ್ಚಿ ಹಾಕಿಕೊಂಡು ಸುಜಾತಾ ಕೂತಿದ್ದಳು. ಗರಗದ ನೂಲಿನ ಬಿಳಿ ಸೀರೆ, ವಿಹಾರಕ್ಕೆಂದು ಉಟ್ಟದ್ದು. ತನ್ನದಲ್ಲದ ಪೂಜೆಯನ್ನು ಕಾಯುತ್ತ ಕೂತಿದ್ದಳು. ಪಾಟೀಲ ಸರ್ ರೇಷ್ಮೆ ಅಂಗಿ ತೊಟ್ಟು ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದರು. ಫಕ್ಕೀರಪ್ಪ ಗೋಡೆಗೆ ಆತುಕೊಂಡಿದ್ದ.

"ಹೊಸಮನಿಯವರ, ಈಕಿಗೆ ತಿಳಿಸಿ ಹೇಳ್ರಿ" ಎಂದರು ಪಾಟೀಲ ಸರ್. "ಮುಹೂರ್ತ ಮೀರಾಕತ್ತೇತಿ. ಯಂತ್ರ ಬಂದ್ ಆಗಿ ಚಾಲೂ ಆದ್ರ ಫೈಲ್ ಹೋಗ್ತಾವೇನು ಎಲ್ಲೆರ?"

"ನನ್ನ ಜೋಳ ಹೋಗ್ತಾವ್ರಿ ಸರ್" ಎಂದಳು ಸುಜಾತಾ. ಕುರ್ಚಿಯಿಂದ ಏಳಲಿಲ್ಲ.

ನಾನು ತಾತ್ಕಾಲಿಕ ಫೋಲ್ಡರಿನ ಕತೆಯನ್ನು ಮೊದಲಿನಿಂದ ಹೇಳಿದೆ. ಪಾಟೀಲ ಸರ್ ದಡ್ಡರಲ್ಲ, ತಿಳಿಯಿತು. ಆದರೆ ತಿಳಿದದ್ದನ್ನು ಒಪ್ಪಿಕೊಂಡರೆ ಹೊಸ ಆವೃತ್ತಿ ಹಾಕಿಸಿದ್ದು ತಮ್ಮ ಅಪ್ಪಣೆಯಿಂದ ಎಂಬುದೂ ಹೊರಬೀಳುತ್ತಿತ್ತು. ನನ್ನ ಅನುಭವದಲ್ಲಿ ಮೇಲಿನವರು ತಪ್ಪು ಒಪ್ಪುವುದು ಅಪರೂಪ, ಹಬ್ಬದ ದಿನ ಇನ್ನೂ ಅಪರೂಪ. "ಇಷ್ಟು ವರ್ಷ ಏನೂ ಆಗಿಲ್ಲ. ಇವತ್ತು ಯಾಕ ಆಗತೈತಿ? ಸರೀವಾ ಆ ಕಡೆ" ಎಂದು ಒಂದು ಹೆಜ್ಜೆ ಮುಂದಿಟ್ಟರು.

ಆಗ ಫಕ್ಕೀರಪ್ಪ ಗೋಡೆ ಬಿಟ್ಟು ಬಂದ. "ಸರ್, ಪೂಜಿ ಇನ್ನಾ ಇಳಿಸಿಲ್ರಿ."

"ಇಳಸ ಮತ್ತ."

"ಈಗ ಬರೂದಿಲ್ರಿ. ಸಂಜಿಗೆ ಬನ್ನಿ ಮುಡದ ಮ್ಯಾಲ ಇಳಸ್ತೇನಿ. ಅಲ್ಲೀತನಾ ಗುಂಡಿ ಮುಟ್ಟಾಕ ಬರೂದಿಲ್ರಿ."

"ವರ್ಷಾ ವರ್ಷಾ ಮುಂಜಾನೆ ಇಳಸ್ತಿದ್ದೀ."

"ಈ ವರ್ಷಾ ಸಂಜಿಗ್ರಿ" ಎಂದ ಫಕ್ಕೀರಪ್ಪ, ಅಷ್ಟೇ ಶಾಂತವಾಗಿ.

ನನ್ನ ಮಾತನ್ನು ಎಷ್ಟು ಹೊತ್ತಾದರೂ ಕತ್ತರಿಸಬಲ್ಲ ಪಾಟೀಲ ಸರ್ ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡರು. ಪೂಜೆ ಇಳಿಸದ ಯಂತ್ರವನ್ನು ಮುಟ್ಟಲು ಅವರಿಗೇ ಧೈರ್ಯವಿಲ್ಲ. ಕಾಯಿಯನ್ನು ಮೂಲೆಯ ಒಂದು ಸಣ್ಣ ಕಂಪ್ಯೂಟರಿಗೆ ಒಡೆದು, ಮುಹೂರ್ತಕ್ಕೆ ಅದರ ಗುಂಡಿ ಒತ್ತಿ, ಪ್ರಸಾದ ತೆಗೆದುಕೊಳ್ಳದೆ ಹೋದರು. ಮರುವಾರ ನನ್ನ ಹತ್ತಿರ ಬಂದು, ಆ ಹೊಸ ಆವೃತ್ತಿಯನ್ನು ನೀವೇ ಒಮ್ಮೆ ಸರಿಯಾಗಿ ಕೂಡಿಸಿರಿ ಎಂದರು. ಅದು ಅವರ ಮಟ್ಟಿಗೆ ದೊಡ್ಡ ಮಾತು.

ಪಾಟೀಲ ಸರ್ ಅವರ ಗಾಡಿಯ ಸದ್ದು ದೂರಾದ ಮೇಲೆ ನಾನು ಪೆನ್‌ಡ್ರೈವ್ ಹಿಡಿದು ನಿಂತೆ. "ಫಕ್ಕೀರಪ್ಪ, ಈಗ ನಾ ಮುಟ್ಟಬೇಕಲ್ಲಪಾ" ಎಂದೆ.

"ಮುಟ್ರಿ ಬಾಯಾರ. ನಾ ಹೂವಾ ಸರಿಸ್ತೇನಿ, ತಗಿಯೂದಿಲ್ಲ" ಎಂದು ಎರಡು ಬೆರಳಿನಿಂದ ಮಾಲೆಯನ್ನು ಪಕ್ಕಕ್ಕೆ ಎತ್ತಿ ಹಿಡಿದ. ಪೆನ್‌ಡ್ರೈವ್ ಚುಚ್ಚುವ ಜಾಗ ಮಾಲೆಯ ಹಿಂದೆಯೇ ಇತ್ತು. ನಾನು ಕೆಲಸ ಮಾಡುವಷ್ಟು ಹೊತ್ತೂ ಅವನು ಹಾಗೆಯೇ ನಿಂತಿದ್ದ.

ಯಂತ್ರ ಪೆನ್‌ಡ್ರೈವಿನಿಂದ ಎದ್ದಿತು. ಡಿಸ್ಕನ್ನು ಓದಲು ಮಾತ್ರ ಬರುವಂತೆ ಜೋಡಿಸಿ ತಾತ್ಕಾಲಿಕ ಫೋಲ್ಡರಿನೊಳಗೆ ಹೋದೆ. ಅಲ್ಲಿ ಎಲ್ಲರ ಕಸವೂ ಇತ್ತು. ಯಾರೋ ಅರ್ಧಕ್ಕೆ ಬಿಟ್ಟ ಮುದ್ರಣ, ಯಾರದೋ ಫೋಟೊಗಳ ಚೂರು. ಅದರ ನಡುವೆ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ಫೋಲ್ಡರು. ತೆರೆದರೆ ಜೋಳದ ತಳಿಗಳ ಹೆಸರುಗಳು ಸಾಲಾಗಿ ಬಂದವು. ಸುಜಾತಾ ನನ್ನ ಭುಜದ ಹಿಂದೆ ನಿಂತು ಒಂದೊಂದನ್ನೂ ಪಿಸುಗುಟ್ಟುತ್ತ ಓದಿದಳು. ಎಲ್ಲ ಇದ್ದವು. ನಾನು ಅವನ್ನು ಜೊತೆಗೆ ತಂದಿದ್ದ ಒಂದು ಬಾಹ್ಯ ಡಿಸ್ಕಿಗೆ ನಕಲು ಮಾಡಿ, ಯಂತ್ರವನ್ನು ಮತ್ತೆ ಮುಚ್ಚಿ, ಡಿಸ್ಕನ್ನು ಅವಳ ಲ್ಯಾಪ್‌ಟಾಪಿಗೆ ಹಚ್ಚಿದೆ. ಅವಳದೂ ಲಿನಕ್ಸೇ. ಫಕ್ಕೀರಪ್ಪ ಮಾಲೆಯನ್ನು ಮೊದಲಿನ ಜಾಗಕ್ಕೆ ಬಿಟ್ಟು ಕೈ ಝಾಡಿಸಿಕೊಂಡ.

ಸುಜಾತಾ ಮೊದಲ ಫೈಲನ್ನು ಒತ್ತಿದಳು. ತೆರೆಯಲಿಲ್ಲ. ಪರದೆಯ ಮೇಲೆ 'ಅನುಮತಿ ಇಲ್ಲ' ಎಂದು ಬಂತು. ಇನ್ನೊಂದನ್ನು ಒತ್ತಿದಳು. ಅನುಮತಿ ಇಲ್ಲ. ಮತ್ತೊಂದು. ಅನುಮತಿ ಇಲ್ಲ.

ಹಿಂದಿನ ಸಂಜೆಯಿಂದ ಬಿಗಿಹಿಡಿದುಕೊಂಡಿದ್ದವಳು ಅಲ್ಲಿ ಸೋತಳು. ಸೆರಗಿನಿಂದ ಬಾಯಿ ಒತ್ತಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದಂತೆ ನನ್ನ ಕಡೆ ತಿರುಗಿ ಕೇಳಿದಳು:

"ನಾ ಬಿತ್ತಿದ ಜೋಳ ನೋಡಾಕ ನಾನು ಇನ್ನೂ ಎಷ್ಟು ಮಂದೀನ ಪರ್ಮಿಶನ್ ಕೇಳಬೇಕ್ರಿ ಮೇಡಂ?"

ಫಕ್ಕೀರಪ್ಪ ನೆಲ ನೋಡಿದ. ಈ ವೃತ್ತಿಯಲ್ಲಿ 'ಅನುಮತಿ ಇಲ್ಲ' ಎಂಬುದನ್ನು ನಾನು ಸಾವಿರಾರು ಸಲ ಓದಿದ್ದೇನೆ, ಓದಿ ಅನುಮತಿ ಕೊಟ್ಟಿದ್ದೇನೆ, ಕೊಡದೆಯೂ ಇದ್ದೇನೆ. ಅದನ್ನು ಓದಿದವರ ಮುಖವನ್ನು ಅವತ್ತಿನಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕಾರಣ ಸರಳವಿತ್ತು. ನಕಲು ಮಾಡಿದ್ದು ನಾನು, ದೊಡ್ಡ ಯಜಮಾನನ ಅಧಿಕಾರದಲ್ಲಿ. ಹಾಗಾಗಿ ನಕಲುಗಳ ಮಾಲೀಕನೂ ರೂಟ್ ಆಗಿದ್ದ, ಆ ಫೈಲುಗಳೋ ಮಾಲೀಕನಿಗೆ ಮಾತ್ರ ತೆರೆಯುವಂಥವು. ಮಾಲೀಕರನ್ನು ಬದಲಿಸಲು ಒಂದೇ ಸಾಲಿನ ಆಜ್ಞೆ ಸಾಕು. ಅದನ್ನು ಬರೆದು, ಅದರಲ್ಲಿ ಅವಳ ಹೆಸರು ಸೇರಿಸಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. "ಎಂಟರ್ ನೀನ ಒತ್ತವಾ" ಎಂದೆ.

ಒತ್ತಿದಳು. ಯಂತ್ರ ಏನೂ ಹೇಳಲಿಲ್ಲ. ಒಪ್ಪಿಕೊಂಡಾಗ ಲಿನಕ್ಸ್ ಏನೂ ಹೇಳುವುದಿಲ್ಲ. ನಾನು ಫೈಲುಗಳ ಪಟ್ಟಿ ತೆಗೆದು ತೋರಿಸಿದೆ. ಮಾಲೀಕರ ಸಾಲಿನಲ್ಲಿ ಮೇಲಿನಿಂದ ಕೆಳಗಿನ ತನಕ ಸುಜಾತಾ, ಸುಜಾತಾ, ಸುಜಾತಾ ಎಂದಿತ್ತು. ಅವಳು ಬೆರಳಿಟ್ಟು ಕೊನೆಯ ತನಕ ನೋಡಿದಳು. ಒಂದು ಫೈಲು ತೆರೆದಳು, ಅಂಕಿಗಳು ಬಂದವು. ಆಮೇಲೆ ಫೋನು ತೆಗೆದು ವಿಹಾರದಲ್ಲಿದ್ದ ತಾಯಿಗೆ ಹಚ್ಚಿದಳು. ಆ ಕಡೆ ಜನರ ಗದ್ದಲವಿತ್ತು, ತಾಯಿಗೆ ಸರಿಯಾಗಿ ಕೇಳಿಸಲಿಲ್ಲ ಕಾಣುತ್ತದೆ. ಅವಳು ಎರಡನೆಯ ಸಲ ದನಿ ಏರಿಸಿ ಹೇಳಿದಳು:

"ಸಿಕ್ಕಾವ ಬೇ ಯವ್ವಾ. ಎಲ್ಲಾ ನನ್ನ ಹೆಸರಿಗೆ ಆಗ್ಯಾವ."